ನಾಲ್ಕು ಕೊಡ ನೀರಿನ ಲೆಕ್ಕ

1978ರಲ್ಲಿ ನಾನು ಓದು ಬಿಟ್ಟೆ. ಬಿಡಿಸಿದರು ಎನ್ನುವವರೂ ಇದ್ದಾರೆ. ಅವರ ಮಾತು ಅವರಿಗಿರಲಿ. ನಾನು ಮಾತ್ರ ಬಿಟ್ಟೆ ಎಂದೇ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಯಾರ ಬಾಗಿಲಿಗೂ ಹೋಗಿ ಮತ್ತೆ ಕಲಿಸಿರಿ ಎಂದು ನಿಂತವನಲ್ಲ.

ಇಷ್ಟು ವರ್ಷದ ಮೇಲೆ ಇದೆಲ್ಲ ನೆನಪಾಗಲು ಒಂದು ಬಕೆಟ್ಟು ಕಾರಣ. ಮೊನ್ನೆ ಲಕ್ಷ್ಮೇಶ್ವರದಲ್ಲಿ ಬೀಗರ ಮನೆಗೆ ಹೋಗಿದ್ದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಹೊಸ ಕೆಂಪು ಸೀರೆಯೊಂದನ್ನು ನೆನೆಹಾಕಿದ್ದರು. ನೀರೆಲ್ಲ ಕುಂಕುಮ ಕದಡಿದಂತೆ ಆಗಿತ್ತು. ಒದ್ದೆ ನೂಲು, ಕಾಸ್ಟಿಕ್ ಸೋಡಾ, ಹಸಿ ಬಣ್ಣ ಮೂರೂ ಸೇರಿದ ವಾಸನೆ ಒಂದು ಇರುತ್ತದೆ, ಮೂಗಿನ ಒಳಗೆ ಹೋಗಿ ಗೀರುತ್ತದೆ. ಅವರ ಸೊಸೆ ಬಂದು ಆ ನೀರು ಚೆಲ್ಲಿ, ಬಕೆಟ್ಟು ತುಂಬ ಹೊಸ ನೀರು ಹಿಡಿಯತೊಡಗಿದಳು.

"ತುಂಬ ಹಿಡೀಬ್ಯಾಡವಾ," ಎಂದೆ. "ಅಷ್ಟ ನೀರು ನಾಕ ಪಾಲು ಮಾಡು. ನಾಕ ಸಲ ಜಾಲಸು. ಬಣ್ಣ ಹೆಚ್ಚಿಗಿ ಹೋಗತೈತಿ."

"ನಳಾ ಬಂದೈತ್ರಿ ಮಾವಾರ, ನೀರಿಗೇನ ಬರ ಇಲ್ಲ," ಎಂದು ಅವಳು ನಕ್ಕಳು.

ನಾನು ಕಟ್ಟೆಯ ಮೇಲೆ ಕುಳಿತೆ. ಊಟಕ್ಕೆ ಕರೆದಾಗಲೂ ಏಳಲು ಆಗಲಿಲ್ಲ. ಬೆಟಗೇರಿಯ ಆ ಬಣ್ಣದ ಮನೆ, ಆ ಒಂದು ಮಳೆಗಾಲ, ಮಳೆ ಇಲ್ಲದ ಮಳೆಗಾಲ, ಎದುರಿಗೆ ಬಂದು ನಿಂತಿತ್ತು.

ನಾನು ಬೆಳ್ಳಟ್ಟಿಯವನು. ಹೆಸರು ಫಕ್ಕೀರಪ್ಪ, ಶಿರಹಟ್ಟಿಯ ಸುತ್ತ ಕಲ್ಲು ಒಗೆದರೆ ಒಬ್ಬ ಫಕ್ಕೀರಪ್ಪನಿಗೆ ಬೀಳುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು, ಗದಗಕ್ಕೆ ಬಂದು ಪಿಯುಸಿ ಸಾಯನ್ಸ್ ಸೇರಿದೆ. ಅಲ್ಲಿ ಗಣಿತದ ಸರ್ ಒಬ್ಬರಿದ್ದರು. ಇಸ್ತ್ರಿ ಅಂಗಿ, ಕಿವಿಯವರೆಗೆ ಬಾಚಿದ ಕೂದಲು. ಒಂದು ದಿನ ಹಲಗೆಯ ಮೇಲೆ ಎರಡು ಬರೆದು, ಅದರ ತಲೆಯ ಮೇಲೆ ಸಣ್ಣದಾಗಿ ಸೊನ್ನೆ ಬರೆದು, ನನ್ನ ಕಡೆ ಬೊಟ್ಟು ಮಾಡಿದರು.

"ಬೆಳ್ಳಟ್ಟಿ, ಏಳು. ಎರಡರ ಘಾತ ಸೊನ್ನೆ. ಎಷ್ಟು?"

"ಸೊನ್ನೆರಿ."

ತರಗತಿ ನಕ್ಕಿತು. ಸರ್ ನಗಲಿಲ್ಲ. "ಒಂದು," ಎಂದರು. "ಯಾವುದೇ ಸಂಖ್ಯೆಯ ಘಾತ ಸೊನ್ನೆ ಆದರೆ ಒಂದು. ಬರಕೋ."

"ಯಾಕ್ರಿ ಸರ್?"

"ಯಾಕಂದರೆ ನಾ ಹೇಳೇನಿ, ಅದಕ್ಕ. ಎತ್ತಿಗೆ ಯಾಕ ಎರಡು ಕೋಡು ಅಂತ ನಿಮ್ಮಪ್ಪನ್ನ ಕೇಳೀಯೇನು? ಹೂಡ್ತಾನಿಲ್ಲೋ? ನೀನೂ ಹಂಗ ಹೂಡು."

ಅಂದಿನಿಂದ ನಾನು ಸೊನ್ನಿ ಫಕ್ಕೀರ. ಖಾನಾವಳಿಯಲ್ಲಿಯೂ ಅದೇ, ಬಸ್ಸಿನಲ್ಲಿಯೂ ಅದೇ. ಮುಂದೆ ಒಂದು ದಿನ ಅವರು ಇಂಗ್ಲಿಷಿನ ಇ ಅಕ್ಷರ ಬರೆದು, ಇದು ಸ್ವಾಭಾವಿಕ ಆಧಾರ, ಬೆಲೆ ಎರಡು ಬಿಂದು ಏಳು ಒಂದು ಎಂಟು, ಎಂದರು. ಒಂದಕ್ಕೆ ಎನ್‌ನಲ್ಲಿ ಒಂದು ಪಾಲು ಕೂಡಿಸಿ, ಬಂದದ್ದನ್ನು ಅದರಿಂದಲೇ ಎನ್ ಸಲ ಗುಣಿಸಿ, ಎನ್ ದೊಡ್ಡದಾಗುತ್ತ ಹೋದರೆ ಇಲ್ಲಿಗೆ ಬರುತ್ತದೆ ಎಂದು ಸೂತ್ರ ಬರೆದರು. ಇಂಥ ಮುರುಕು ಸಂಖ್ಯೆ ಸ್ವಾಭಾವಿಕ ಹೇಗೆ ಆಯಿತೆಂದು ಯಾರೂ ಕೇಳಲಿಲ್ಲ. ನಾನಂತೂ ಬಾಯಿ ತೆರೆಯಲಿಲ್ಲ. "ಬಾಯಿಪಾಠ ಮಾಡ್ರಿ. ತಿಳಕೊಳ್ಳಾಕ ಹೋಗಬ್ಯಾಡ್ರಿ, ಅದು ನಿಮಗ ಆಗೂ ಕೆಲಸಲ್ಲ," ಎಂದು ಸರ್ ಕೈ ಜಾಡಿಸಿಕೊಂಡರು. ಬಾಯಿಪಾಠ ನನಗೆ ಬರುವುದಿಲ್ಲ. ಕಾರಣ ಗೊತ್ತಾಗದ ಮಾತು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಈಗಲೂ.

ಜೂನಿನಲ್ಲಿ ಫಲಿತಾಂಶ ನೋಡಲು ಗದಗಕ್ಕೆ ಬಂದೆ. ಉಳಿದ ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಫೇಲು. ಊರಿನವರೊಬ್ಬರ ಕೈಯಲ್ಲಿ ಅಪ್ಪನಿಗೆ ಹೇಳಿ ಕಳಿಸಿದೆ. ಮರುದಿನ ಬೆಳ್ಳಟ್ಟಿಯ ಬಸ್ಸಿನ ಟಪ್ಪಿನ ಮೇಲೆ ನನ್ನ ಹಾಸಿಗೆ ಸುರುಳಿ ಬಂತು. ಜೊತೆಗೆ ಮಾತು ಬರಲಿಲ್ಲ. ಹಗ್ಗದ ಗಂಟು ಅಪ್ಪನದೇ. ಅವನು ಹಾಗೆ ಎರಡು ಸುತ್ತು ಹಾಕಿ ಬಿಗಿಯುತ್ತಿದ್ದ. ಸುರುಳಿ ಹೆಗಲ ಮೇಲೆ ಇಟ್ಟುಕೊಂಡು ಬೆಟಗೇರಿಗೆ ನಡೆದೆ.

ಅಲ್ಲಿ ಬಸಲಿಂಗಪ್ಪನವರದು ನೂಲಿಗೆ ಬಣ್ಣ ಹಾಕುವ ಮನೆ. ದೂರದ ಸಂಬಂಧದಲ್ಲಿ ನನಗೆ ಮಾವ ಆಗಬೇಕು.

"ಏನ ಕಲ್ತೀಯಪಾ?" ಎಂದರು.

"ಪಿಯುಸಿ ರೀ ಮಾವಾ. ಗಣಿತದಾಗ ಹೋಗೈತಿ. ಅಕ್ಟೋಬರಕ ಮತ್ತ ಪರೀಕ್ಷಾ ಕಟ್ಟಬೇಕು."

"ಮಾವಾ ಅನಬ್ಯಾಡ, ಸಾವ್ಕಾರ್ರ ಅನ್ನು. ಮಾವಾ ಅಂದ್ರ ರೊಟ್ಟಿಗೆ ಬೆಣ್ಣಿ ಹಚ್ಚಬೇಕಾಕ್ಕೈತಿ."

ಕರಾರು ನಿಂತಲ್ಲೇ ಆಯಿತು. ನೂಲು ಜಾಲಿಸುವ ಕೆಲಸ ನನ್ನದು. ಮಲಗಲು ನೂಲು ಒಣಹಾಕುವ ಗಳಗಳ ಕೆಳಗೆ ಜಾಗ, ಎರಡು ಹೊತ್ತು ರೊಟ್ಟಿ. ಸೆಪ್ಟೆಂಬರ್ ಕೊನೆಗೆ ಪರೀಕ್ಷೆಯ ಫೀ ಅವರು ಕಟ್ಟುವುದು, ಪರೀಕ್ಷೆಯ ದಿನ ರಜೆ. "ಆದ್ರ ಅಲ್ಲೀತನಕ ಮೂರು ಚಿಂದಿ ಬೀಳಬಾರದು," ಎಂದರು. "ಮೂರು ಬಿದ್ದ್ವು ಅಂದ್ರ ಫೀನೂ ಇಲ್ಲ, ಜಾಗಾನೂ ಇಲ್ಲ."

ಚಿಂದಿ ಎಂದರೆ ಏನೆಂದು ಹೇಳಬೇಕು. ಬಣ್ಣದಲ್ಲಿ ಕುದಿಸಿ ತೆಗೆದ ನೂಲಿಗೆ ಹಿಡಿಯದೆ ಉಳಿದ ಬಣ್ಣ ಇರುತ್ತದೆ. ಅದನ್ನು ಜಾಲಿಸಿ ತೆಗೆಯಬೇಕು. ತೆಗೆಯದಿದ್ದರೆ ಸೀರೆ ಮೊದಲ ನೀರು ಕಂಡ ದಿನ ಕೆಂಪು ಅಂಚು ಬಿಳಿ ಒಡಲಿನ ಮೇಲೆ ಹರಿಯುತ್ತದೆ. ಜಾಲಿಸಿದ ನೂಲನ್ನು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ ಕಲ್ಲು ಹೇರಿ ಇಡುತ್ತಿದ್ದರು. ತುಂಡು ಬಿಳಿಯಾಗಿಯೇ ಉಳಿದರೆ ಸರಿ. ಕೆಂಪಾದರೆ ಆ ಚಿಂದಿಯನ್ನೇ ಜಾಲಿಸಿದವನ ಬಲ ಮುಂಗೈಗೆ ಕಟ್ಟುತ್ತಿದ್ದರು. ಅಮಾವಾಸ್ಯೆ ಬರುವವರೆಗೆ ಬಿಚ್ಚುವಂತಿಲ್ಲ. ಬೆಟಗೇರಿಯಲ್ಲಿ ಮನೆಗೊಂದು ಮಗ್ಗ. ಆ ಕೈ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಚಹದ ಅಂಗಡಿಯಲ್ಲಿ ಬಸಿ ಎತ್ತಿದರೆ, "ಯಾರ ಸೀರಿ ತಿಂದ್ಯೋ?" ಎಂದು ಕೇಳುತ್ತಿದ್ದರು. ಆದರೆ ಚಿಂದಿ ಕಟ್ಟಿದ ಮೇಲೂ ಆ ನೂಲು ನೇಕಾರರ ಮನೆಗೇ ಹೋಗುತ್ತಿತ್ತು. ಮತ್ತೊಮ್ಮೆ ಜಾಲಿಸಲು ನೀರು ಎಲ್ಲಿತ್ತು?

ಬಣ್ಣದ ಮೇಸ್ತ್ರಿ ಮೌಲಾಸಾಬ. ಮೊಣಕೈವರೆಗೆ ಕೆಂಪು ಕೈ. "ನನ್ನ ನಿಕಾಹಕ್ಕ ಮೆಹಂದಿ ಖರ್ಚ ಉಳೀತು," ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ನಾನು ಕಾಕಾ ಎನ್ನುತ್ತಿದ್ದೆ. ನೂಲಿನ ಮುಂದೆ ಕೂರಿಸಿಕೊಂಡು ಮೊದಲ ದಿನ ಕಲಿಸಿದವನು ಅವನೇ.

"ನೀರ ಒಮ್ಮೆಲೆ ಸುರಿಬ್ಯಾಡ. ಹಂಚು. ಸುರಿ, ತಿಕ್ಕು, ಹಿಂಡು. ಮತ್ತ ಸುರಿ. ಎಷ್ಟು ಸಣ್ಣಗ ಹಂಚತೀ ಅಷ್ಟು ಬಣ್ಣ ಹೋಗತೈತಿ. ಪೂರಾ ಸಣ್ಣಗ ಹಂಚಿದ್ಯೋ, ಪೂರಾ ಹೋಗತೈತಿ."

"ಪೂರಾ ಅಂದ್ರ ಏನೂ ಉಳಿಯಂಗಿಲ್ಲೇನು ಕಾಕಾ?"

"ಏನೂ ಇಲ್ಲ. ನನ್ನ ಉಸ್ತಾದರು ಎರಡು ಕೊಡದಾಗ ತಗೀತಿದ್ರು. ತಂಬಿಗಿ ಅಲ್ಲ, ಬೊಗಸಿಲೆ ಹಾಕೋರು. ಬಣ್ಣ ಉಳೀತು ಅಂದ್ರ ನೀರಿಂದು ತಪ್ಪಲ್ಲ, ಕೈಂದು ತಪ್ಪು."

ಇದು ಅಲ್ಲಿಯ ಧರ್ಮ. ನೀರಿಗೆ ಬರ ಇರುವ ಊರಿನ ಬಣ್ಣಗಾರರು ಮಾತ್ರ ನಂಬಬಹುದಾದ ಮಾತು. ಹೊಳೆಯ ದಂಡೆಯವನಿಗೆ ಹೇಳಿದರೆ ನಕ್ಕಾನು. ಇಲ್ಲಿ ಇದರ ಮೇಲೆಯೇ ಚಿಂದಿ ನಿಂತಿತ್ತು. ಮೌಲಾಸಾಬನ ಮಗ ರಾಜೇಸಾಬನೂ ಇದೇ ತೊಟ್ಟಿಯಲ್ಲಿ ಜಾಲಿಸುತ್ತಿದ್ದನಂತೆ. ಮೂರು ಚಿಂದಿ ಬಿದ್ದು ಹೋದವನು ಮರಳಿ ಬರಲಿಲ್ಲ. ಅದನ್ನು ನನಗೆ ಹೇಳಿದವನು ಮೌಲಾಸಾಬನೇ, ಬೀಡಿ ಸೇದುತ್ತ, ಬೇರೆಯವರ ಮಗನ ಸುದ್ದಿಯಂತೆ. "ಮೂರನೇದ್ದು ನಾನ ಕಟ್ಟೇನಿ. ಮಗಾ ಅಂತ ಗಂಟು ಸಡ್ಲ ಬಿಡಲಿಲ್ಲ," ಎಂದ. ಅದರಲ್ಲಿ ಅವನಿಗೆ ಹೆಮ್ಮೆ ಇತ್ತು.

ನಾನು ಸೇರಿದಾಗ ಒಂದು ಪಾಳಿ ನೂಲಿಗೆ, ಅಂದರೆ ಒಮ್ಮೆಗೆ ಹಂಡೆಯಿಂದ ತೆಗೆದಷ್ಟಕ್ಕೆ, ಆರು ಕೊಡ ನೀರು ಕೊಡುತ್ತಿದ್ದರು. ಮಳೆ ಮುಖ ತೋರಿಸಲಿಲ್ಲ. ಗಾಳಿ ಮಾತ್ರ ಬೀಸುತ್ತಿತ್ತು. ಮೋಡ ಪಕ್ಕದ ಊರು ಮಲ್ಲಸಮುದ್ರದ ಮೇಲೆ ಹಾಯ್ದು ಬೇರೆಯವರ ಹೊಲಕ್ಕೆ ಹೋಗುತ್ತಿತ್ತು. ಬಾವಿಯ ತಳದಲ್ಲಿ ಬಿದ್ದಿದ್ದ ಹಳೆಯ ಬಿಂದಿಗೆ ಕಾಣಿಸಿದ ದಿನ ಸಾವ್ಕಾರ್ರು ಆರನ್ನು ನಾಲ್ಕು ಮಾಡಿದರು. ಮೊದಲ ಚಿಂದಿ ನನಗೆ ಆ ವಾರವೇ ಬಿತ್ತು. ಅದರ ಬಗ್ಗೆ ತಕರಾರಿಲ್ಲ. ನಾಲ್ಕು ಕೊಡವನ್ನು ಎರಡೇ ಸಲ ಸುರಿದಿದ್ದೆ.

ಚಿಂದಿ ಕಟ್ಟಿಸಿಕೊಂಡವನ ಜೊತೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹಾಗಾಗಿ ನಾನು ಬಣ್ಣದ ಜೊತೆಯೇ ಮಾತಾಡಿದೆ. ಹಿಂಡಿದ ಮೇಲೂ ಆ ಪಾಳಿಯ ನೂಲು ಹೆಚ್ಚು ಕಡಿಮೆ ಒಂದು ಕೊಡ ನೀರು ಹಿಡಿದಿರುತ್ತದೆ. ಅದರ ಮೇಲೆ ಒಂದು ಕೊಡ ಸುರಿದು ತಿಕ್ಕಿದರೆ ಬಣ್ಣ ಎರಡು ಕೊಡದಲ್ಲಿ ಹರಡುತ್ತದೆ. ಹಿಂಡಿದರೆ ಅರ್ಧ ಹೋಯಿತು, ಅರ್ಧ ಉಳಿಯಿತು. ಮತ್ತೊಮ್ಮೆ ಹಾಗೇ ಮಾಡಿದರೆ ಅರ್ಧದ ಅರ್ಧ. ಮೂರು ಸಲ ಜಾಲಿಸಿ, ರೊಟ್ಟಿ ತಿಂದು ಬಂದು ಎರಡು ಸಲ ಜಾಲಿಸಿದರೆ ಒಟ್ಟು ಐದು ಸಲ. ನಡುವಿನ ರೊಟ್ಟಿ ಬಣ್ಣಕ್ಕೆ ಗೊತ್ತಿಲ್ಲ. ಗುಣಿಸುವಾಗ ಘಾತಗಳನ್ನು ಕೂಡಿಸಬೇಕು ಎಂದು ಸರ್ ಬರೆಸಿದ ನಿಯಮ ಇಷ್ಟೇ ಆಗಿತ್ತು. ದಿನಕ್ಕೆ ಮೂರು ಸಲದಂತೆ ನಾಲ್ಕು ದಿನ ಜಾಲಿಸಿದರೆ ಹನ್ನೆರಡು ಸಲ. ಘಾತದ ಘಾತ ಎಂದರೆ ಗುಣಾಕಾರ. ಹಿಂದಕ್ಕೆ ನಡೆದರೆ, ಜಾಲಿಸುವ ಮೊದಲು ಬಣ್ಣ ಇದರ ಇಮ್ಮಡಿ ಇತ್ತು, ಅದಕ್ಕೂ ಮೊದಲು ನಾಲ್ಕು ಪಟ್ಟು. ತಲೆಯ ಮೇಲಿನ ಮೈನಸ್ಸಿಗೆ ಅದೇ ಅರ್ಥ.

ಮತ್ತೆ ಒಂದೂ ಸಲ ಜಾಲಿಸದಿದ್ದರೆ? ಬಣ್ಣ ಇದ್ದಷ್ಟೂ ಇರುತ್ತದೆ. ಇದ್ದಷ್ಟೂ ಎಂದರೆ ಒಂದು. ಸೊನ್ನೆ ಅಲ್ಲ.

ತೊಟ್ಟಿಯಲ್ಲಿ ಎರಡೂ ಕೈ ಮುಳುಗಿಸಿಕೊಂಡು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ವರ್ಷವಿಡೀ ನನ್ನನ್ನು ಸೊನ್ನಿ ಎಂದು ಕರೆಸಿದ ಮಾತು ಇಷ್ಟು ಸರಳ ಇತ್ತು. ಹೇಳಬಹುದಿತ್ತು. ಹೇಳಲಿಲ್ಲ.

"ಯಾಕ ನಗಾಕತ್ತೀಯೋ?" ಎಂದ ಮೌಲಾಸಾಬ. "ಚಿಂದಿ ಚಂದ ಒಪ್ಪೇತೇನು ಕೈಗೆ?"

ಆಮೇಲೆ ನಾಲ್ಕು ಕೊಡವನ್ನು ಹದಿನಾರು ಪಾಲು ಮಾಡಿ ಜಾಲಿಸತೊಡಗಿದೆ. ಬೆರಳ ಸಂದುಗಳಲ್ಲಿ ತೊಗಲು ಬಿಟ್ಟಿತು. ಬಣ್ಣಕ್ಕೆ ಬೆರೆಸುವ ಕಾಸ್ಟಿಕ್ಕು ಹೊಕ್ಕು ಉರಿಯುತ್ತಿತ್ತು, ರೊಟ್ಟಿಗೆ ಖಾರ ಹಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಆದರೂ ಆಗಸ್ಟಿನಲ್ಲಿ ಕಲ್ಲು ಎತ್ತಿ ನೋಡಿದರೆ ಬಿಳಿ ತುಂಡು ಕೆಂಪಗಾಗಿತ್ತು. ಎರಡನೆಯ ಚಿಂದಿ.

"ಹದಿನಾರು ಪಾಲು ಮಾಡೇನ್ರಿ," ಎಂದೆ.

"ಮೂವತ್ತೆರಡು ಮಾಡು," ಎಂದರು ಸಾವ್ಕಾರ್ರು. ಗಂಟು ಹಾಕುತ್ತಿದ್ದವನು ಮೌಲಾಸಾಬ. ಅವನೂ, "ಸಣ್ಣಗ ಹಂಚೋ ಹುಡುಗಾ, ಕೈಗಳ್ಳತನ ಮಾಡಬ್ಯಾಡ," ಎಂದ.

ಕೈಗಳ್ಳ, ಕೆಲಸಕ್ಕೆ ಕೈ ಬಗ್ಗಿಸದವನು, ಎಂದು ನನ್ನನ್ನು ಅದುವರೆಗೆ ಯಾರೂ ಅಂದಿರಲಿಲ್ಲ. ಸೊನ್ನಿ ಎಂದದ್ದು ನುಂಗಿದ್ದೆ. ಇದನ್ನು ನುಂಗಲಿಲ್ಲ.

ಅಮಾವಾಸ್ಯೆಯ ದಿನ ಬಣ್ಣದ ಮನೆಗೆ ರಜೆ. ಎಲ್ಲರೂ ಹೋದ ಮೇಲೆ ಇದ್ದಿಲು ಹಿಡಿದು ಸುಣ್ಣದ ಗೋಡೆಯ ಮುಂದೆ ನಿಂತೆ. ನಾಲ್ಕು ಬಿಟ್ಟು ಒಂದೇ ಕೊಡ ಹಿಡಿದೆ. ಒಂದು ಕೊಡವನ್ನು ಒಮ್ಮೆಲೆ ಸುರಿದರೆ ಬಣ್ಣ ಎರಡರಲ್ಲಿ ಒಂದು ಪಾಲು ಉಳಿಯುತ್ತದೆ. ಅರ್ಧರ್ಧ ಮಾಡಿ ಎರಡು ಸಲ ಸುರಿದರೆ, ನೂಲು ಹಿಡಿದ ಒಂದು ಕೊಡಕ್ಕೆ ಅರ್ಧ ಸೇರಿ ಒಂದೂವರೆ, ಅದನ್ನು ಒಂದೂವರೆಯಿಂದ ಗುಣಿಸಿ, ಎರಡೂಕಾಲರಲ್ಲಿ ಒಂದು ಪಾಲು. ನಾಲ್ಕು ಸಲ ಮಾಡಿದರೆ ಎರಡು ಬಿಂದು ನಾಲ್ಕು ನಾಲ್ಕು. ಎಂಟು ಸಲಕ್ಕೆ ಎರಡು ಬಿಂದು ಐದು ಏಳು. ಏರುತ್ತಿತ್ತು, ಆದರೆ ದಣಿದ ಎತ್ತಿನ ಹಾಗೆ ಏರುತ್ತಿತ್ತು. ನೂರಕ್ಕೆ ಹೋದಾಗ ನನ್ನ ಲಾಗ್ ಟೇಬಲಿನ ನಾಲ್ಕು ಅಂಕಿ ಸಾಲಲಿಲ್ಲ, ಉತ್ತರ ಅಡ್ಡಾದಿಡ್ಡಿ ಬಂತು. ಪುಸ್ತಕ ಬದಿಗಿಟ್ಟೆ. ಒಂದಕ್ಕೆ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಕೂಡಿಸಿ, ಬಂದದ್ದನ್ನು ಅದರಿಂದಲೇ ಗುಣಿಸುತ್ತ ಹೋದರೆ ಎರಡು, ನಾಲ್ಕು, ಎಂಟು ಎಂದು ಹತ್ತೇ ಗುಣಾಕಾರದಲ್ಲಿ ಸಾವಿರದ ಇಪ್ಪತ್ತನಾಲ್ಕು ಸಲ ಜಾಲಿಸಿದ ಹಾಗೆ. ಘಾತದ ನಿಯಮ ಅಷ್ಟು ಕೆಲಸಕ್ಕೆ ಬಂತು. ಗೋಡೆ ತುಂಬಿತು. ಕೊನೆಗೆ ಬಂದದ್ದು ಎರಡು ಬಿಂದು ಏಳು ಒಂದು ಏಳು.

ಪಕ್ಕದಲ್ಲಿ ಮತ್ತಷ್ಟು ಬರೆಯಬೇಕಾಗಲಿಲ್ಲ. ಆ ಸಂಖ್ಯೆಯ ಗುರುತು ನನಗಿತ್ತು.

ಅದು ಸರ್ ಹೇಳಿದ ಇ. ನೀರನ್ನು ಬೊಗಸೆಯಲ್ಲಿ ಹಂಚಿ, ಹನಿಯಲ್ಲಿ ಹಂಚಿ, ಒಂದು ಕೊಡಕ್ಕೆ ಅದಕ್ಕಿಂತ ಹೆಚ್ಚು ಕೆಲಸ ಇಲ್ಲ. ಎರಡು ಬಿಂದು ಏಳು ಒಂದು ಎಂಟರಲ್ಲಿ ಒಂದು ಪಾಲು ಬಣ್ಣ ಉಳಿದೇ ಉಳಿಯುತ್ತದೆ. ಇದನ್ನು ಯಾರೂ ಇಟ್ಟದ್ದಲ್ಲ, ನೀರಿನ ಸ್ವಭಾವವೇ ಹಾಗೆ. ಸ್ವಾಭಾವಿಕ ಎಂದು ಯಾಕೆ ಕರೆದರೆಂದು ಆಗ ತಿಳಿಯಿತು. ಕೊಡ ಎಷ್ಟೋ ಅಷ್ಟು ಸಲ ಅದನ್ನು ಗುಣಿಸಬೇಕು. ಕೊಡಗಳ ಸಂಖ್ಯೆ ಹೋಗಿ ಇ ಅಕ್ಷರದ ತಲೆಯ ಮೇಲೆ ಕೂರುತ್ತದೆ. ನಾಲ್ಕು ಕೊಡಕ್ಕೆ ಐವತ್ತೈದರಲ್ಲಿ ಒಂದು ಪಾಲು ಉಳಿಯುತ್ತದೆ. ಆರು ಕೊಡಕ್ಕೆ ನಾಲ್ಕುನೂರರಲ್ಲಿ ಒಂದು. ಸಾವ್ಕಾರ್ರು ಕಡಿದ ಆ ಎರಡು ಕೊಡದಲ್ಲಿ ನನ್ನ ಚಿಂದಿ ಇತ್ತು. ಕೈಯಲ್ಲಿ ಇರಲಿಲ್ಲ.

ಮರುವಾರ ಪರೀಕ್ಷೆಯ ಅರ್ಜಿಗೆ ಸಹಿ ಬೇಕಾಗಿ ಕಾಲೇಜಿಗೆ ಹೋದೆ. ಗೋಡೆಯ ಲೆಕ್ಕವನ್ನು ಒಂದು ಹಾಳೆಗೆ ಇಳಿಸಿಕೊಂಡಿದ್ದೆ. ಸರ್ ಮುಂದೆ ಇಟ್ಟೆ. ಅವರು ಓದಿದರು. ಪೂರ್ತಿ ಓದಿದರು, ಅದನ್ನು ಇಲ್ಲ ಎನ್ನಲಾರೆ.

"ಸರಿ ಐತಿ. ಪುಸ್ತಕದಾಗ ಇದ್ದದ್ದ ಐತಿ. ಹೊಸಾದೇನು ಇದರಾಗ?"

"ನಾನಾಗೆ ತಿಳಕೊಂಡೇನ್ರಿ ಸರ್."

"ತಿಳಕೊಂಡಿದ್ದಕ್ಕ ಮಾರ್ಕ್ಸ್ ಇಲ್ಲ. ಬರದಿದ್ದಕ್ಕ ಐತಿ." ಸಹಿ ಮಾಡಿ, ನನ್ನ ಕೈ ನೋಡಿ, ಅರ್ಜಿಯನ್ನು ಮೇಜಿನ ಮೇಲೆ ಬೆರಳ ತುದಿಯಿಂದ ಸರಿಸಿದರು. "ಪರೀಕ್ಷಾಕ್ಕ ಬರೂಮುಂದ ಕೈ ತೊಳಕೊಂಡ ಬಾ."

ಕೈ ತೊಳೆದರೆ ಹೋಗುವ ಬಣ್ಣವಾಗಿದ್ದರೆ ನಾನು ಅವರ ಮುಂದೆ ನಿಲ್ಲುತ್ತಲೇ ಇರಲಿಲ್ಲ.

ಮರಳಿ ಬರುವಷ್ಟರಲ್ಲಿ ನಾಲ್ಕು ಕೊಡ ಮೂರಾಗಿತ್ತು. ಮೂರಕ್ಕೆ ಇಪ್ಪತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಮೂರನೆಯ ಚಿಂದಿ ಬೀಳುವುದು ಇನ್ನು ದಿನದ ಮಾತು. ಫೀ ಕಟ್ಟಲು ಮಾತ್ರ ಇನ್ನೂ ಮೂರು ವಾರ ಇತ್ತು. ಮೌಲಾಸಾಬನ ಮಾತು ಸಾವ್ಕಾರ್ರು ಕೇಳುತ್ತಾರೆಂದು ಅವನನ್ನು ಗೋಡೆಯ ಮುಂದೆ ಕರೆತಂದೆ. ಅಂಕಿ ಅವನಿಗೆ ಬರುತ್ತಿರಲಿಲ್ಲ. ಐದು ಚಹದ ಗಾಜು ಸಾಲಾಗಿ ಇಟ್ಟು, ಅವುಗಳ ಬಣ್ಣದ ನೀರಿಗೆ ಒಂದೇ ಅಳತೆಯ ನೀರನ್ನು ಒಂದು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಪಾಲು ಮಾಡಿ ಸುರಿದು, ಸುರಿದಷ್ಟು ಚೆಲ್ಲಿ ತೋರಿಸಿದೆ. ಒಂದು ಸಲದ ಗಾಜಿಗೂ ನಾಲ್ಕು ಸಲದ ಗಾಜಿಗೂ ಫರಕು ಕಣ್ಣಿಗೆ ಕಾಣುತ್ತಿತ್ತು. ಹದಿನಾರಕ್ಕೂ ಮೂವತ್ತೆರಡಕ್ಕೂ ಬಿಸಿಲಿಗೆ ಹಿಡಿದರೂ ಕಾಣುತ್ತಿರಲಿಲ್ಲ.

ಅವನು ಐದೂ ಗಾಜನ್ನು ಎತ್ತಿ ನೋಡಿದ. ಎರಡು ಸಲ ನೋಡಿದ.

"ಅಂದ್ರ ಎಷ್ಟು ಹಂಚಿದ್ರೂ ಇಲ್ಲಿಗೆ ನಿಂದರತೈತಿ?"

"ನಿಂದರತೈತಿ ಕಾಕಾ. ಯಾರ ಕೈಯಾಗೂ ಅಷ್ಟ. ನಿಮ್ಮ ಉಸ್ತಾದರ ಕೈಯಾಗೂ ಅಷ್ಟ."

ಅವನು ಗಾಜುಗಳ ನೀರನ್ನು ಒಂದೊಂದಾಗಿ ಮೋರಿಗೆ ಚೆಲ್ಲಿದ. ಕೆಂಪು ಕೈಯಿಂದಲೇ ಗೋಡೆಯ ಮೇಲಿನ ಇದ್ದಿಲನ್ನು ಒರೆಸಿದ.

"ಈ ಮಾತು ಸಾವ್ಕಾರ್ರ ಮುಂದ ಆಡಬ್ಯಾಡ."

"ಯಾಕ ಕಾಕಾ? ಖರೆ ಐತಿ."

"ಖರೆ ಐತಿ ಅಂತನ ಹೇಳಾಕತ್ತೀನಿ. ನಿನ್ನ ಲೆಕ್ಕ ಖರೆ ಆದ್ರ ನನ್ನ ಮಗಾ ಖರೆ ಆಕ್ಕಾನ. ಆಮ್ಯಾಲ ನಾ ಈ ಮೋತಿ ಎಲ್ಲಿ ಇಟಗೊಳ್ಳಲಿ?"

ಅವನಿಗಾಗಿ ನನಗೆ ಕನಿಕರ ಬಂತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಬರಲಿಲ್ಲ. ನನಗೆ ನನ್ನ ಅಕ್ಟೋಬರದ ಚಿಂತೆ ಇತ್ತು.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ನೇಕಾರ ವಿರೂಪಾಕ್ಷಪ್ಪ ಬಂದರು. ತೋಳಿನ ಮೇಲೆ ಮಡಿಚಿದ ಸೀರೆ. ಮಗಳ ನಿಶ್ಚಯಕ್ಕೆಂದು ತಾವೇ ನೇಯ್ದದ್ದು, ಬಿಳಿ ಒಡಲು, ಕೆಂಪು ಅಂಚು. ಬಿಚ್ಚಿ ಗಳದ ಮೇಲೆ ಹಾಕಿದರು. ಬಿಳಿ ಎಲ್ಲಿಯೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ. "ಬೀಗರ ಮುಂದ ಒಣಾ ಹಾಕಿದ್ದಳ್ರಿ ನನ್ನ ಹೇಂತಿ," ಎಂದಷ್ಟೇ ಅಂದರು.

"ಯಾರ ಜಾಲಿಸಿದ ನೂಲಿದು?" ಎಂದರು ಸಾವ್ಕಾರ್ರು. ಅವರಿಗೆ ಗೊತ್ತಿತ್ತು.

"ನಾನ್ರಿ," ಎಂದೆ. "ನಾಕ ಕೊಡದಾಗ ಹದಿನಾರು ಸಲ ಜಾಲಿಸೇನಿ. ನಾಕರಾಗ ಬಣ್ಣ ಹೋಗಂಗಿಲ್ರಿ. ಈಗಂತೂ ಮೂರ ಕೊಡಾಕತ್ತೀರಿ. ನೂರ ಸಲ ಹಂಚಿದ್ರೂ ಇಪ್ಪತ್ತರಾಗ ಒಂದು ಪಾಲು ಉಳೀತೈತಿ. ಲೆಕ್ಕ ಮಾಡಿ ತೋರಸ್ತೀನಿ."

ವಿರೂಪಾಕ್ಷಪ್ಪ ಒಮ್ಮೆ ನನ್ನನ್ನು, ಒಮ್ಮೆ ಸಾವ್ಕಾರ್ರನ್ನು ನೋಡಿದರು. ಸಾವ್ಕಾರ್ರು ನಕ್ಕರು.

"ಗಣಿತದಾಗ ಫೇಲ್ ಆದಂವ ನನಗ ಗಣಿತ ಹೇಳಾಕ ಬಂದಾನ. ಮೇಸ್ತ್ರಿ ಇಲ್ಲೇ ಅದಾನಲ್ಲ, ಕೇಳೋಣು. ಮೌಲಾಸಾಬ, ಮೂರು ನಾಕು ಕೊಡದಾಗ ಬಣ್ಣ ಹೋಗಂಗಿಲ್ಲೇನು?"

ಮೌಲಾಸಾಬ ಹಂಡೆಯ ಹತ್ತಿರ ನಿಂತಿದ್ದ. ಕೋಲಿನಿಂದ ನೂಲು ತಿರುವುತ್ತಲೇ ಇದ್ದ.

"ಹೋಗತೈತ್ರಿ," ಎಂದ. "ಸಣ್ಣಗ ಹಂಚಿದ್ರ ಹೋಗತೈತಿ. ನನ್ನ ಉಸ್ತಾದರು ಎರಡರಾಗ ತಗೀತಿದ್ರು."

"ಮತ್ತ ಇದು?"

"ಕೈಗಳ್ಳತನರಿ."

ಮೂರನೆಯ ಚಿಂದಿಯನ್ನು ಆ ಸೀರೆಯ ಸೆರಗಿನಿಂದಲೇ ಹರಿದರು. ವಿರೂಪಾಕ್ಷಪ್ಪನವರೇ ಹರಿದುಕೊಟ್ಟರು. ಕಟ್ಟಿದವನು ಮೌಲಾಸಾಬ. ಎರಡು ಸುತ್ತು, ಗಂಟು, ಮೇಲೊಂದು ಗಂಟು. ನನ್ನ ಮುಖ ನೋಡಲಿಲ್ಲ. ಗಂಟು ಸಡಿಲವೂ ಬಿಡಲಿಲ್ಲ. ನೇಕಾರರ ಮನಸ್ಸು ತಣ್ಣಗಾಯಿತು. ಹೋಗುವಾಗ ಮತ್ತೆರಡು ಪಾಳಿ ನೂಲಿಗೆ ಹೇಳಿ ಹೋದರು.

ಹಾಸಿಗೆ ಸುರುಳಿ ಕಟ್ಟಿಕೊಂಡು ಬಾಗಿಲಿಗೆ ಬಂದಾಗ ಸಾವ್ಕಾರ್ರು ಹೊಸ್ತಿಲ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಯಾರೂ ಹತ್ತಿರ ಇರಲಿಲ್ಲ.

"ಇಪ್ಪತ್ತರಾಗ ಒಂದು ಪಾಲು ಅಂದ್ಯಲ್ಲ. ಖರೆ ಇದ್ದೀತು," ಎಂದರು. "ನೀರ ಕಡಿಮಿ ಆದ್ರ ಬಣ್ಣ ಬಿಡತೈತಿ ಅಂತ ಕೂಸಿಗೂ ಗೊತ್ತೈತಿ. ಅದಕ್ಕ ಅಷ್ಟು ಗ್ವಾಡಿ ಹೊಲಸ ಮಾಡಬೇಕಾಗಿತ್ತೇನು?"

"ಗೊತ್ತಿದ್ದ ಕಟ್ಟಿಸಿದ್ರೇನ್ರಿ?"

"ನೀರಿಲ್ಲ ಅಂತ ಹೇಳಿದ್ರ ನೇಕಾರ ಬ್ಯಾರೆ ಮನಿ ನೋಡತಾನ. ಚಿಂದಿ ಕಟ್ಟಿದ ಕೈ ತೋರಿಸಿದ್ರ ಇಲ್ಲೇ ಉಳೀತಾನ. ಕೊಡ ನೀರ ಸಿಗೂದು ತ್ರಾಸ ಐತಪಾ. ನಿನ್ನಂಥಾವ್ರು ಬಸ್‌ಸ್ಟ್ಯಾಂಡಿನಾಗ ದಿನಾ ಇಳೀತಾರ."

ಅಡಿಕೆ ಬಾಯಿಗೆ ಹಾಕಿಕೊಂಡರು. ನಾನು ದಾಟಿ ಹೋಗಲು ಕಾಲು ಮಡಚಿ ಜಾಗ ಕೊಟ್ಟರು.

ಅರ್ಜಿ ಕಿಸೆಯಲ್ಲೇ ಉಳಿಯಿತು. ಫೀ ಕಟ್ಟುವ ಕೊನೆಯ ದಿನ ನಾನು ಮುಂಡರಗಿಯ ಆಚೆ ಹೊಳೆಯ ದಂಡೆಯಲ್ಲಿ ಬೇರೆಯವರ ನೂಲು ಜಾಲಿಸುತ್ತಿದ್ದೆ. ಹರಿಯುವ ನೀರಿನಲ್ಲಿ ಹಂಚುವ ಕೆಲಸವಿಲ್ಲ. ನೂಲು ಹಿಡಿದು ನಿಂತರೆ ಕೆಂಪು ತಾನಾಗಿ ಉದ್ದಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಕಾಣದಾಗುತ್ತಿತ್ತು. ಆಮೇಲಿನ ಐದು ವರ್ಷದಲ್ಲಿ ಯಾರ ಉಪಕಾರವನ್ನೂ ಪಡೆಯದೆ ದುಡಿದೆ. ಮೊದಲು ಬಾವಿ ತೋಡಿಸಿದೆ, ಆಮೇಲೆ ಹಂಡೆ ಕೊಂಡೆ. ಬೆಟಗೇರಿಯ ನೇಕಾರರು ನೂಲನ್ನು ಬಸ್ಸಿಗೆ ಹಾಕಿ ನನ್ನಲ್ಲಿಗೆ ಕಳಿಸತೊಡಗಿದ ವರ್ಷ ಬಸಲಿಂಗಪ್ಪನವರ ಬಾಗಿಲು ಮುಚ್ಚಿತು. ಅದನ್ನು ಕೇಳಿ ನಾನು ಬೆಣ್ಣೆ ಹಚ್ಚಿದ ರೊಟ್ಟಿ ಉಂಡೆ. ಸುಳ್ಳು ಯಾಕೆ ಹೇಳಲಿ.

1984ರಲ್ಲಿ ಶಿರಹಟ್ಟಿಯಲ್ಲಿ ಸೈಕಲ್ಲು ಪಂಕ್ಚರ್ ಆಗಿ ಒಂದು ಅಂಗಡಿಗೆ ಹೋದೆ. ಟ್ಯೂಬು ಬಿಚ್ಚುತ್ತಿದ್ದವನ ಮುಂಗೈ ಸುತ್ತ ತೊಗಲು ಬಿಳುಪಾಗಿ ಒಂದು ಗೆರೆ ಇತ್ತು. ಬಿಗಿಯಾಗಿ ಕಟ್ಟಿದ ಗಂಟು ಉರಿದು ಮಾಯ್ದ ಗುರುತು. ನನ್ನ ಕೈಯಲ್ಲಿಯೂ ಅದೇ ಇದೆ. ಅವನೂ ನನ್ನ ಕೈ ನೋಡಿದ. ಹೆಸರು ಕೇಳುವ ಮೊದಲೇ ಒಂದೇ ತೊಟ್ಟಿಯ ಕೈಗಳೆಂದು ಇಬ್ಬರಿಗೂ ತಿಳಿಯಿತು; ಅವನು ಮೌಲಾಸಾಬನ ಮಗ.

"ನಿನಗೆಷ್ಟು ಕೊಡ ಕೊಡತಿದ್ರು?" ಎಂದೆ.

"ನಾಕ. ಆ ವರ್ಷನೂ ಬರ ಇತ್ತು," ಎಂದ ರಾಜೇಸಾಬ.

"ನಾಕರಾಗ ಹೋಗಂಗಿಲ್ಲ. ಯಾರ ಕೈಲೂ ಹೋಗಂಗಿಲ್ಲ." ಅವನ ಅಂಗಡಿಯ ನೆಲದ ಮೇಲೆಯೇ ಬಳಪದಿಂದ ಬರೆದು ತೋರಿಸಿದೆ. ಅವನು ಟ್ಯೂಬಿಗೆ ಗಾಳಿ ತುಂಬುತ್ತ ಕೇಳಿದ.

"ಅಬ್ಬಾಗ ಇದನ್ನ ಹೇಳಿದ್ಯೇನು?"

"ಹೇಳಿದ್ದೆ. ಐದು ಗಾಜಿನಾಗ ತೋರಿಸಿದ್ದೆ."

"ಏನಂದ್ರು?"

ಬೇರೆ ಏನಾದರೂ ಹೇಳಬಹುದಿತ್ತು. ಮೌಲಾಸಾಬ ಆಗಲೇ ತೀರಿಕೊಂಡಿದ್ದ. ತೀರಿಕೊಂಡವನ ಮಾತು, ಯಾರು ಕೇಳುತ್ತಾರೆ. ಆದರೆ ಕಾರಣ ಕೇಳಿದವನಿಗೆ ಕಾರಣ ಹೇಳದೆ ಇರುವುದು ಎಂಥದೆಂದು ನನಗೆ ಗೊತ್ತಿತ್ತು.

"ನಿನ್ನ ಲೆಕ್ಕ ಖರೆ ಆದ್ರ ನನ್ನ ಮಗಾ ಖರೆ ಆಕ್ಕಾನ ಅಂದ್ರು. ಆಮ್ಯಾಲ ಸಾವ್ಕಾರ್ರ ಮುಂದ ಸುಳ್ಳು ಅಂದ್ರು."

ರಾಜೇಸಾಬ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುತ್ತ ಇಂಚಿಂಚಾಗಿ ತಿರುಗಿಸಿದ.

"ಹಂಗಾದ್ರ ತಿಳದಿತ್ತು ಅವರಿಗೆ."

"ತಿಳದಿತ್ತು."

"ಎರಡು ಕಡೆ ತೂತ ಐತಿ," ಎಂದ ಅವನು. "ಕುಂಡ್ರಿ, ಹೊತ್ತ ಹಿಡೀತೈತಿ."

ನನ್ನ ಬಣ್ಣದ ಮನೆಯಲ್ಲಿ ಒಂದು ಪಾಳಿ ನೂಲಿಗೆ ಎಂಟು ಕೊಡ. ಸಣ್ಣಗೆ ಹಂಚಿದರೆ ಬಣ್ಣ ಮೂರು ಸಾವಿರದಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಚಿಂದಿ ಕಟ್ಟುವ ಪದ್ಧತಿ ಇಲ್ಲ. ಎಂಟು ಕೊಡ ಕೊಟ್ಟ ಮೇಲೂ ಬಣ್ಣ ಬಿಟ್ಟರೆ ಆ ಕೈ ಅಂದೇ ಮನೆಗೆ ಹೋಗುತ್ತದೆ. ಆಗ ತಪ್ಪು ಕೈಯದೇ. ಕಲ್ಲಿನ ಮನುಷ್ಯ ಎನ್ನುತ್ತಾರೆ, ಅನ್ನಲಿ. ಸೇರಿದ ದಿನವೇ ಪ್ರತಿಯೊಬ್ಬನಿಗೂ ಐದು ಗಾಜು ಇಟ್ಟು ಕಾರಣ ತೋರಿಸಿರುತ್ತೇನೆ.

ಈಗ ಇರುವುದು ಇಷ್ಟು. ಬಾವಿ ಎರಡು. ತೊಟ್ಟಿ ಹನ್ನೊಂದು, ತಾಮ್ರದ ಹಂಡೆ ನಾಲ್ಕು. ಆಳು ಒಂಬತ್ತು, ಅವರಲ್ಲಿ ಒಬ್ಬ ರಾಜೇಸಾಬನ ಮಗ, ಅವನಿಗೂ ಎಂಟೇ ಕೊಡ. ಹೊಲಿಗೆ ಬಿಚ್ಚಿದ ಲಾಗ್ ಟೇಬಲ್ ಒಂದು. ಮುಂಗೈ ಮೇಲೆ ಬಿಳಿ ಗೆರೆ ಒಂದು. ಪಿಯುಸಿ ಸರ್ಟಿಫಿಕೇಟು ಇಲ್ಲ.